ತಡೀರಿ ಮೇಸ್ತ್ರಿಯ ಗಾಳಿಕಿಂಡಿ

ನನ್ನ ಮಾವನವರಿಗೆ ಊರಲ್ಲಿ ಒಂದು ಅಡ್ಡಹೆಸರಿದೆ: ತಡೀರಿ ಮೇಸ್ತ್ರಿ. ನಲವತ್ತು ವರ್ಷದಿಂದ ಮನೆಮನೆಗೆ ಕಬ್ಬಿಣದ ಒಲೆ ಕೂರಿಸುವುದು ಅವರ ಕಸುಬು. ಕಟ್ಟಿಗೆಗೂ ಆಗುವ, ಕಲ್ಲಿದ್ದಲಿಗೂ ಆಗುವ, ಮುಂದೆ ಗಾಜಿನ ಬಾಗಿಲಿದ್ದು ಕೋಣೆಯನ್ನು ಬೆಚ್ಚಗಿಡುವ ಒಲೆ. ಚಳಿ ಶುರುವಾಯಿತೆಂದರೆ ಜನಕ್ಕೆ ಎಲ್ಲಿಲ್ಲದ ಅವಸರ. ಒಲೆ ಬಂದಾಯಿತು, ಕೊಳವೆ ಸಿಕ್ಕಿಸಿ, ಬೆಂಕಿ ಹಚ್ಚಿ ಎಂದು ತಲೆಯ ಮೇಲೆ ನಿಲ್ಲುತ್ತಾರೆ. ಇವರು ಮಂಡಿಯೂರಿ, ಅಳತೆಪಟ್ಟಿ ಎಳೆದು, "ತಡೀರಿ" ಎನ್ನುತ್ತಾರೆ. ಅದನ್ನು ಕೇಳಿ ಕೇಳಿ ಊರಿಗೆ ತಲೆ ಚಿಟ್ಟು ಹಿಡಿದು ಆ ಮಾತನ್ನೇ ಅವರಿಗೆ ಹೆಸರಾಗಿ ಇಟ್ಟುಬಿಟ್ಟಿದೆ. ಮಾವನವರಿಗೆ ಇದು ಗೊತ್ತು, ಬೇಜಾರೇನಿಲ್ಲ.

ಬೇಜಾರು ನನಗಿತ್ತು. ನಾನು ಬಟ್ಟೆ ಹೊಲಿಯುವವಳು. ಒಂದು ದಿನಕ್ಕೆ ಶಾಲೆಯ ಹನ್ನೆರಡು ಸಮವಸ್ತ್ರ ಹೊಲಿದು ಗುಂಡಿ ಹಚ್ಚಿ ಮಡಚಿ ಇಡುವ ಕೈ ನನ್ನದು. ಒಂದು ಕೊಳವೆಯ ಕೀಲನ್ನು ಮೂರು ಸಲ ಬಿಚ್ಚಿ ಮೂರು ಸಲ ಕೂಡಿಸುವ ಮನುಷ್ಯನನ್ನು ನೋಡಿದರೆ ನನಗೆ ಮೈಯೆಲ್ಲ ಉರಿಯುತ್ತಿತ್ತು. ಮದುವೆಯಾಗಿ ಬಂದ ಹೊಸದರಲ್ಲಿ ಬಾಯಿಬಿಟ್ಟು ಹೇಳುವ ಹಾಗಿರಲಿಲ್ಲ. ಆಮೇಲೆ ಹೇಳತೊಡಗಿದೆ, ಅವರು ನಗತೊಡಗಿದರು.

ಅವರ ಬಗ್ಗೆ ಇನ್ನೊಂದು ಸಂಗತಿ ಹೇಳಬೇಕು. ಅವರಿಗೆ ವಾಸನೆ ಗೊತ್ತಾಗುವುದಿಲ್ಲ. ಹರೆಯದಲ್ಲಿ ಬಂದ ಒಂದು ಜ್ವರ ಹೋಗುವಾಗ ಮೂಗನ್ನೂ ಕರೆದುಕೊಂಡು ಹೋಯಿತಂತೆ. ವಾಸನೆ ಬಾರದವರು ಊರಿನ ಹೊಗೆಗೂಡಿಗೆಲ್ಲ ಮೂಗು ತೂರಿಸುತ್ತೀರಲ್ಲ ಎಂದು ನಾನು ಒಮ್ಮೆ ಕಾಲೆಳೆದೆ. ಅವರು ಚಹಾದ ಲೋಟ ಕೆಳಗಿಟ್ಟು, "ಒಲೇಲಿ ಕೊಲ್ಲೋ ಗಾಳಿಗೆ ವಾಸನೆ ಇರಲ್ಲ ಮಗಳೇ. ಅದರ ಮುಂದೆ ನಿನ್ನ ಮೂಗೂ ಒಂದೇ, ನನ್ನ ಮೂಗೂ ಒಂದೇ" ಎಂದರು. ನಾನು ನಕ್ಕೆ. ಆ ಮಾತನ್ನು ಅವತ್ತೇ ಸರಿಯಾಗಿ ಕಿವಿಗೆ ಹಾಕಿಕೊಂಡಿದ್ದರೆ ಈ ಬರಹಕ್ಕೆ ಕೆಲಸವೇ ಇರುತ್ತಿರಲಿಲ್ಲ.

ವಿಚಿತ್ರವೆಂದರೆ ನಮ್ಮ ಮನೆಯಲ್ಲೇ ಅಂಥ ಒಲೆ ಇರಲಿಲ್ಲ. ನಾವು ಕಂಬಳಿ ಹೊದ್ದು, ಬಿಸಿನೀರು ಕುಡಿದು ಚಳಿಗಾಲ ಕಳೆಯುತ್ತಿದ್ದೆವು. ನನಗೆ ಮಗಳು ಹುಟ್ಟಿದ ಮೇಲೆ ಅದು ನಡೆಯಲಿಲ್ಲ. ಐದು ತಿಂಗಳ ಕೂಸಿನ ಕಾಲು ಬೆಳಗಾಗುವಷ್ಟರಲ್ಲಿ ತಣ್ಣಗಾಗಿರುತ್ತಿತ್ತು. ಅತ್ತೆ ಒಂದು ದಿನ ಆ ಕಾಲನ್ನು ಅಂಗೈಯಲ್ಲಿ ಹಿಡಿದು ಮಾವನವರ ಮುಖ ನೋಡಿದರು, ಅಷ್ಟೇ. ಮರುದಿನವೇ ಒಲೆ ಬಂತು.

ಕೂರಿಸಲು ಅವರು ನಾಲ್ಕು ದಿನ ತೆಗೆದುಕೊಂಡರು. ಮೊದಲು ನೆಲಕ್ಕೆ ದಪ್ಪ ಕಲ್ಲಿನ ಚಪ್ಪಡಿ. ಆಮೇಲೆ ಗೋಡೆಯಿಂದ ಎಷ್ಟು ದೂರ, ಮರದ ಕಪಾಟಿನಿಂದ ಎಷ್ಟು ದೂರ ಎಂಬ ಲೆಕ್ಕ. ಕಪಾಟು ನಾಲ್ಕು ಬೆರಳು ಹತ್ತಿರವಾಯಿತೆಂದು ಅದನ್ನು ಖಾಲಿ ಮಾಡಿಸಿ ಪಕ್ಕದ ಗೋಡೆಗೆ ಸಾಗಿಸಿದರು. ಕೊಳವೆಯನ್ನು ನೆಟ್ಟಗೆ ಚಾವಣಿ ದಾಟಿಸಿ, ಸೂರಿನ ನೆತ್ತಿಗಿಂತ ಎತ್ತರಕ್ಕೆ ಒಯ್ದರು. ಬಾಗಿಲ ಮೇಲುಗಡೆ, ಅಂಗೈಯಗಲದ ಬಿಳಿ ಅಲಾರಂ ಡಬ್ಬಿ ಹಾಕಿದರು. ಅವರು ಹೇಳಿದ ಕೊಲ್ಲುವ ಗಾಳಿ ಕೋಣೆಯಲ್ಲಿ ಸೇರಿದರೆ ಅದು ಕೂಗುತ್ತದೆ.

ಐದನೆಯ ದಿನ ಬೆಳಿಗ್ಗೆ ಮೊದಲ ಬೆಂಕಿ. ಕಾಗದದ ಸುರುಳಿಯೊಂದನ್ನು ಹೊತ್ತಿಸಿ, ಆರಿಸಿ, ಬರೀ ಹೊಗೆಯಾಡುವ ತುದಿಯನ್ನು ಒಲೆಯ ಬಾಯಿಗೆ ಹಿಡಿದರು. ಹೊಗೆ ಒಂದು ಕ್ಷಣ ಎತ್ತ ಹೋಗಲೆಂದು ಯೋಚಿಸಿದ ಹಾಗೆ ನಿಂತು, ಬಾಗಿ, ಯಾರೋ ದಾರ ಎಳೆದಂತೆ ಒಳಗೆ ಹೋಯಿತು. ಮಾವನವರು ಕಿವಿಯನ್ನು ಕೊಳವೆಯ ಹತ್ತಿರ ತಂದು ಕೇಳಿದರು. ಒಂದೊಂದು ಕೀಲಿನ ಸುತ್ತ ಸುರುಳಿ ತಿರುಗಿಸಿದರು. ಅಂಗಳಕ್ಕೆ ಹೋಗಿ ಮೇಲೆ ನೋಡಿದರು. ಆಮೇಲೆ ಕಡ್ಡಿ ಗೀರಿದರು. ಗಾಜಿನ ಹಿಂದೆ ಬೆಂಕಿ ಎದ್ದಾಗ ಅತ್ತೆಯೂ ನಾನೂ ಹತ್ತಿರ ಬಗ್ಗಿ ನೋಡಿದೆವು. ದಿನಾ ಬೆಂಕಿ ಕಂಡವರೇ ನಾವು. ಆದರೂ ಅದು ಮೊದಲ ಸಲ ಕಂಡ ಹಾಗಿತ್ತು.

ಒಲೆ ಕೂರಿಸಿದ ಮನೆಯಲ್ಲೆಲ್ಲ ಅವರದೊಂದು ಪದ್ಧತಿಯಿದೆ. ಅಜ್ಜಿಯಿಂದ ಹಿಡಿದು ಶಾಲೆಯ ಮಕ್ಕಳವರೆಗೆ ಮನೆಯವರನ್ನೆಲ್ಲ ಒಲೆಯ ಮುಂದೆ ಸಾಲಾಗಿ ಕೂರಿಸಿ, ಪಾಠ ಹೇಳಿ, ಒಬ್ಬೊಬ್ಬರ ಬಾಯಿಂದಲೂ ಒಪ್ಪಿಸಿಕೊಳ್ಳುತ್ತಾರೆ. ಹಸಿ ಕಟ್ಟಿಗೆ ಬೇಡ. ಕಟ್ಟಿಗೆಯಾದರೆ ಬೂದಿಯ ಹಾಸಿನ ಮೇಲೆ, ಗಾಳಿ ಮೇಲಿನಿಂದ. ಕಲ್ಲಿದ್ದಲಾದರೆ ಒಲೆಯೊಳಗಿನ ಜಾಲರಿಯಲ್ಲಿ ಬೂದಿ ಕೂರದಿರಲಿ, ಗಾಳಿ ಕೆಳಗಿನಿಂದ. ಎರಡನ್ನೂ ಒಟ್ಟಿಗೆ ಹಾಕಬೇಡಿ. ಬೂದಿ ಮುಚ್ಚಳವಿರುವ ತಗಡಿನ ಬಕೆಟ್ಟಿಗೆ, ಬಕೆಟ್ಟು ಮನೆಯ ಹೊರಗೆ. ವರ್ಷಕ್ಕೆರಡು ಸಲ ಕೊಳವೆ ಗುಡಿಸಿ. ಹೀಗೆ ಸಾಗಿ ಕೊನೆಗೆ ಗಾಳಿಕಿಂಡಿ.

ನಮ್ಮ ಮನೆಯಲ್ಲೂ ಅವರು ಚಾಪೆ ಹಾಸಿದರು. ನನಗೆ ಹೊಲಿಗೆ ತಲೆಯ ಮೇಲಿತ್ತು. ಊಟಕ್ಕೆ ಕೂತಾಗಲೆಲ್ಲ ಇದೇ ಪುರಾಣ ಕೇಳಿ ಬಾಯಿಪಾಠವಾಗಿದೆ, ಸ್ವಂತ ಸೊಸೆಯನ್ನೂ ಸಾಲಲ್ಲಿ ಕೂರಿಸುತ್ತೀರಾ ಎಂದೆ. ಅತ್ತೆ ನಕ್ಕರು. ಬಸ್ಸಿನ ಕಂಡಕ್ಟರ್ ಆದ ನನ್ನ ಗಂಡ, ಡ್ಯೂಟಿಗೆ ಹೊತ್ತಾಯಿತೆಂದು ಚಪ್ಪಲಿ ಮೆಟ್ಟಿಕೊಂಡ. ಮಾವನವರೂ ನಕ್ಕು ಚಾಪೆ ಸುತ್ತಿದರು. ಅವತ್ತೊಂದು ದಿನ ಅವರು ತಡೀರಿ ಎನ್ನಲಿಲ್ಲ.

ಪಾಠ ಕೇಳಿದ್ದೆನೆಂದೆ, ನಿಜ. ಕಿವಿಗೆ ಬಿದ್ದದ್ದು ಅರ್ಧ. ಗೋಡೆಯ ಬುಡದಲ್ಲಿ, ನನ್ನ ಹೊಲಿಗೆ ಯಂತ್ರದ ಹಿಂದೆ, ಜಾಲರಿ ಹಾಕಿದ ಒಂದು ತೂತಿತ್ತು. ನಾನು ಸಮವಸ್ತ್ರ ಕೊಡಲು ಶಾಲೆಗೆ ಹೋಗಿದ್ದ ದಿನ ಕೊರೆದದ್ದು. ನೋಡಿದ ಕೂಡಲೇ ನಾನು ತೀರ್ಮಾನಿಸಿದೆ: ಮಾವ ಕೊಳವೆಗೆಂದು ತಪ್ಪು ಜಾಗದಲ್ಲಿ ಕೊರೆದು, ಮರ್ಯಾದೆಗೆ ಜಾಲರಿ ಬಡಿದಿದ್ದಾರೆ. ಎಲ್ಲರಿಗೂ ತಡೀರಿ ಎನ್ನುವವರ ಕೈಯೂ ತಪ್ಪಿತಲ್ಲ ಎಂದು ಒಳಗೊಳಗೇ ಖುಷಿಪಟ್ಟು, ಪಾಪ ಅನಿಸಿ, ಕೇಳದೆ ಬಿಟ್ಟೆ.

ಆ ತೂತಿನಿಂದ ತಣ್ಣನೆಯ ಗಾಳಿ ಬರುತ್ತಿತ್ತು. ಯಂತ್ರ ತುಳಿಯುವ ನನ್ನ ಕಾಲು ಹೋಗಲಿ, ಪಕ್ಕದಲ್ಲೇ ಕೂಸಿನ ತೊಟ್ಟಿಲು. ಒಂದು ಸೋಮವಾರ ಬೆಳಿಗ್ಗೆ ಕತ್ತರಿಸಿ ಉಳಿದ ಬಟ್ಟೆಚೂರುಗಳನ್ನು ಒಳಗೆ ತುಂಬಿ, ಎರಡು ಪದರ ಹಾಕಿ, ಚೌಕ ಚೌಕವಾಗಿ ಹೊಲಿಗೆ ಓಡಿಸಿ ಒಂದು ದಪ್ಪನೆಯ ಮುಚ್ಚಳ ಹೊಲಿದೆ. ನಾಲ್ಕು ಮೂಲೆಗೆ ಗುಂಡಿ, ಜಾಲರಿಗೆ ಕಟ್ಟಲು ಕುಣಿಕೆ. ಅಂಚಿಗೆ ನೀಲಿ ಪಟ್ಟಿ. ಗಾಳಿ ನಿಂತಿತು. ನನ್ನ ಬೆನ್ನನ್ನು ನಾನೇ ತಟ್ಟಿಕೊಂಡೆ.

ಸಂಜೆ ನನಗೆ ತಲೆನೋವು. ಅತ್ತೆಗೂ ತಲೆನೋವು. ನಾನು ಅವರ ರೇಡಿಯೊವನ್ನು ದೂರಿದೆ, ಅವರು ನನ್ನ ಯಂತ್ರವನ್ನು ದೂರಿದರು. ಮಾವನವರು ಬರುವಷ್ಟರಲ್ಲಿ ಒಲೆ ಆರಿತ್ತು.

ಮಂಗಳವಾರ ಚಳಿ ಇನ್ನೂ ಹೆಚ್ಚಿತ್ತು. ಕಿಟಕಿಗಳನ್ನು ಭದ್ರವಾಗಿ ಹಾಕಿ, ಒಲೆಗೆ ಕಲ್ಲಿದ್ದಲು ತುಂಬಿದೆ. ಅತ್ತೆ ಅಡುಗೆಮನೆಯಲ್ಲಿ ಮೆಣಸಿನಕಾಯಿ ಹುರಿಯಲು ನಿಂತು, ಘಾಟು ಹೊರಗೆ ತಳ್ಳುವ ಫ್ಯಾನು ಹಾಕಿದರು. ಮಧ್ಯಾಹ್ನ ಬಾಗಿಲ ಮೇಲಿನ ಡಬ್ಬಿ ಕಿರುಚತೊಡಗಿತು. ಸ್ಟೂಲು ಹತ್ತಿ ಇಳಿಸಿದೆ. ಅದರ ಬಾಯಿ ಮುಚ್ಚಿಸಲು ಅಂಗಳಕ್ಕೆ ಒಯ್ದೆ, ಸ್ವಲ್ಪ ಹೊತ್ತಿಗೆ ಸುಮ್ಮನಾಯಿತು. ಒಳಗೆ ತಂದೆ, ಮತ್ತೆ ಕಿರುಚಿತು. ಮೂರು ಸಲ ಹೀಗೇ. ಹೊರಗಿದ್ದರೆ ಸುಮ್ಮನೆ, ಒಳಗೆ ಬಂದರೆ ರಂಪ, ಕೆಟ್ಟಿದೆ ಎಂದುಕೊಂಡೆ. ಬ್ಯಾಟರಿ ಕೀಳಲು ಉಗುರು ಹಾಕಿದವಳು, ಕಿತ್ತರೆ ಮಾವ ಬೈದಾರೆಂದು ಮಾತ್ರ ಅವರಿಗೆ ಫೋನು ಮಾಡಿದೆ.

ಅವರು ಊರಾಚೆ ಯಾರದೋ ಸೂರಿನ ಮೇಲಿದ್ದರು. ಡಬ್ಬಿಯ ಕತೆಯನ್ನು ನಗುತ್ತಲೇ ಹೇಳಿದೆ. ಅವರು ನಗಲಿಲ್ಲ.

"ಕೂಸು ಎಲ್ಲಿ?"

"ತೊಟ್ಟಿಲಲ್ಲಿ. ಚೆನ್ನಾಗಿ ನಿದ್ದೆ ಬಂದಿದೆ ಮಾವ, ಇಷ್ಟು ಗಲಾಟೆಗೂ ಎದ್ದಿಲ್ಲ."

ಆ ಕಡೆಯಿಂದ ಬಂದದ್ದು ನಾನು ಎಂದೂ ಕೇಳಿರದ ದನಿ.

"ತಡೀಬೇಡ. ಕೂಸನ್ನ ಎತ್ಕೊಂಡು ಹೊರಗೆ ಓಡು. ನಿಮ್ಮತ್ತೇನ ಕರ್ಕೋ. ಬಾಗಿಲು ಹಾಗೇ ತೆಗೆದಿರಲಿ, ಒಲೆ ಮುಟ್ಟಬೇಡ. ತಡೀಬೇಡ ಮಗಳೇ."

ಯಾಕೆ ಎಂದು ಕೇಳುವ ಬಾಯಿ ನನ್ನದು. ಅವತ್ತು ಕೇಳಲಿಲ್ಲ. ತಡೀರಿ ಎನ್ನುವ ಮನುಷ್ಯ ತಡೀಬೇಡ ಎಂದದ್ದೇ ಸಾಕಾಯಿತು. ಒಂದು ಕೈಯಲ್ಲಿ ಕೂಸು, ಇನ್ನೊಂದರಲ್ಲಿ ಅತ್ತೆಯ ತೋಳು. ಅಂಗಳಕ್ಕೆ ಬಂದರೂ ಕೂಸು ಕಣ್ಣು ಬಿಡಲಿಲ್ಲ. ಅಂಗಾಲು ಉಜ್ಜಿದೆ, ಕೆನ್ನೆ ತಟ್ಟಿದೆ. ಎಷ್ಟು ಹೊತ್ತೋ ತಿಳಿಯದು, ತುಟಿ ವಕ್ರವಾಯಿತು, ಮುಖ ಕೆಂಪಾಯಿತು, ಅತ್ತಿತು. ಆ ಅಳುವನ್ನು ಕೇಳಿ ನಾನು ನೆಲದ ಮೇಲೆ ಕುಸಿದು ಕೂತೆ.

ಪಕ್ಕದ ಮನೆಯವರ ಕಾರಿನಲ್ಲಿ ಆಸ್ಪತ್ರೆಗೆ ಹೋದೆವು. ಮೂವರಿಗೂ ಆಮ್ಲಜನಕ ಕೊಟ್ಟರು, ರಕ್ತ ಪರೀಕ್ಷೆ ಮಾಡಿದರು. ಕೂಸಿಗೆ ಅಪಾಯವಿಲ್ಲ, ಹೊತ್ತಿಗೆ ಸರಿಯಾಗಿ ಹೊರಗೆ ತಂದಿರಿ ಎಂದರು ವೈದ್ಯರು. ಮರುದಿನ ಬೆಳಿಗ್ಗೆ ಮನೆಗೆ ಬಂದಾಗ ಕಿಟಕಿಗಳೆಲ್ಲ ತೆರೆದಿದ್ದವು, ಒಲೆ ತಣ್ಣಗಿತ್ತು. ಮಾವನವರು ಅದರ ಮುಂದೆ ಕೂತಿದ್ದರು. ತೊಡೆಯ ಮೇಲೆ ನಾನು ಹೊಲಿದ ಮುಚ್ಚಳ.

ಬೈಗುಳಕ್ಕೆ ಸಿದ್ಧಳಾಗಿ ನಿಂತೆ. ಬೈಯಲಿ ಅಂತಲೇ ನನ್ನ ಆಸೆಯಿತ್ತು. ಅವರು ಹೆಬ್ಬೆರಳಿನಿಂದ ಹೊಲಿಗೆಯ ಗೆರೆ ಸವರುತ್ತ, "ನಲವತ್ತು ವರ್ಷ ಕಂಡಕಂಡವರ ಮನೇಲಿ ಚಾಪೆ ಹಾಸಿದೀನಿ. ನಮ್ಮನೇಲಿ ಮಾತ್ರ ಸುತ್ತಿಟ್ಟೆ" ಎಂದರು. ಅದನ್ನು ಕೇಳಿ ನನಗೆ ಅಳು ಬಂತು.

ಅವತ್ತು ಚಾಪೆ ಹಾಸಿದರು. ಡ್ಯೂಟಿ ಬಿಟ್ಟು ಬಂದ ನನ್ನ ಗಂಡ, ಅತ್ತೆ, ಮಡಿಲಲ್ಲಿ ಕೂಸಿನೊಡನೆ ನಾನು. ಕಿಟಕಿಗಳನ್ನು ಹಾಕಿಸಿ, ಮುಚ್ಚಳವನ್ನು, ನಾನು ತಪ್ಪು ತೂತೆಂದುಕೊಂಡಿದ್ದ ಆ ಗಾಳಿಕಿಂಡಿಗೆ ಕಟ್ಟಿ, ಅಡುಗೆಮನೆಯ ಫ್ಯಾನು ಹಾಕಿಸಿದರು. ಆರಿದ ಒಲೆಯ ಬಾಯಿಗೆ ಹೊಗೆಯಾಡುವ ಸುರುಳಿ ಹಿಡಿದರು. ಹೊಗೆ ಒಳಗೆ ಹೋಗಲಿಲ್ಲ. ನಮ್ಮ ಕಡೆ ತಿರುಗಿ, ಕೋಣೆಗೆ ಇಳಿದು, ತೊಟ್ಟಿಲಿನ ಮೇಲೆ ಹಾದು ಅಡುಗೆಮನೆಯತ್ತ ತೇಲಿತು. ಆ ಫ್ಯಾನಿಗೂ ಗಾಳಿ ಬೇಕು, ಬೇರೆ ದಾರಿಯಿಲ್ಲದೆ ಕೊಳವೆಯಿಂದಲೇ ಎಳೆದುಕೊಳ್ಳುತ್ತದೆ ಎಂದರು. ಆಮೇಲೆ ಮುಚ್ಚಳ ಬಿಚ್ಚಿದರು. ಅಷ್ಟೇ. ಅಲೆಯುತ್ತಿದ್ದ ಹೊಗೆ ನಿಂತು, ಹಿಂದಿರುಗಿ, ಒಲೆಯ ಬಾಯಿ ಹೊಕ್ಕು ಮೇಲೆ ಏರಿತು. ಕಣ್ಣಿಗೆ ಕಾಣದ್ದೊಂದು ನನ್ನ ಮಗಳ ತೊಟ್ಟಿಲಿಗೆ ಬಂದ ದಾರಿಯನ್ನೂ, ಅದು ಹೊರಟುಹೋಗುವ ದಾರಿಯನ್ನೂ ನಾನು ಕಣ್ಣಾರೆ ಕಂಡೆ. ಇದನ್ನೆಲ್ಲ ಈ ಮನುಷ್ಯ ನಲವತ್ತು ವರ್ಷದಿಂದ, ಮೂಗಿಲ್ಲದೆ, ಕಾಣುತ್ತ ಬಂದಿದ್ದಾರೆ. ಪಾಠ ಪೂರ್ತಿ ಒಪ್ಪಿಸಿದೆ, ಗಾಳಿಕಿಂಡಿಯಿಂದ ಶುರುಮಾಡಿ.

ಮುಚ್ಚಳವನ್ನು ಸುಟ್ಟುಬಿಡುತ್ತೇನೆಂದೆ. ಅವರು ಕೊಡಲಿಲ್ಲ, ಉಪಕರಣಗಳ ಚೀಲಕ್ಕೆ ಹಾಕಿಕೊಂಡರು. ಯಾಕೆಂದು ನನಗೆ ಗೊತ್ತಾದದ್ದು ಮುಂದಿನ ಚಳಿಗಾಲದಲ್ಲಿ. ಬಟ್ಟೆಯ ಅಳತೆ ತೆಗೆಯಲು ಒಂದು ಮನೆಗೆ ಹೋಗಿದ್ದೆ, ಅಲ್ಲೇ ಅವರ ಕೆಲಸವೂ ನಡೆದಿತ್ತು. ಆ ಮನೆಯ ಸೊಸೆ ಒಲೆಯ ಮುಂದೆ ಕೂರಲು ಒಲ್ಲೆ ಎನ್ನುತ್ತಿದ್ದಳು, ಇದೆಲ್ಲ ಗೊತ್ತಿರುವುದೇ ಎಂದು ನಗುತ್ತಿದ್ದಳು. ಮಾವನವರು "ತಡೀರಿ" ಎಂದು ಚೀಲಕ್ಕೆ ಕೈಹಾಕಿದರು. ನೀಲಿ ಅಂಚು ಕಂಡ ಕೂಡಲೇ ನನಗೆ ಎಲ್ಲಾದರೂ ಅಡಗಿಕೊಳ್ಳಬೇಕೆನಿಸಿತು. ನನ್ನ ದಡ್ಡತನವನ್ನು ಊರೆಲ್ಲ ಹೊತ್ತು ತಿರುಗುತ್ತಿದ್ದಾರೆ ಎಂದುಕೊಂಡೆ.

ಅವರು ಮುಚ್ಚಳವನ್ನು ಆ ಹುಡುಗಿಯ ಕೈಗಿಟ್ಟರು.

"ಇದನ್ನ ಗಾಳಿಕಿಂಡಿಗೆ ಕಟ್ಟಿದ್ವಿ, ನಮ್ಮನೇಲಿ. ನನ್ನ ಮೊಮ್ಮಗಳು ಹೋಗಿಬಿಡ್ತಿದ್ಲು. ಹೊಲಿಗೆ ನೋಡಮ್ಮ, ಎಷ್ಟು ಚೆಂದ ಇದೆ. ಹೊಲಿಗೆ ನನ್ನ ಸೊಸೇದು. ತಪ್ಪು ನಂದು."

ಆ ಹುಡುಗಿ ಮುಚ್ಚಳವನ್ನು ಹಿಡಿದುಕೊಂಡೇ ಚಾಪೆಯ ಮೇಲೆ ಕೂತಳು. ನಾನು ಅಳತೆಪಟ್ಟಿ ಸುತ್ತಿಟ್ಟು, ಹೋಗಿ ಅವಳ ಪಕ್ಕದಲ್ಲಿ ಕೂತೆ.