ಬಣ್ಣಗಾರರ ಮಸೀದಿಯ ದಿಕ್ಕು ಮತ್ತು ಸೀದಿ ಯಖ್ಲಫರು

ಫೆಜ್ ನಗರದಲ್ಲಿ ಪಂಡಿತರಿಗೆ ಬರವಿಲ್ಲ. ಧರ್ಮಶಾಸ್ತ್ರದ ಒಂದೊಂದು ಕವಲಿಗೂ ಒಬ್ಬ ಪಂಡಿತರು, ಪ್ರತಿಯೊಬ್ಬ ಪಂಡಿತರಿಗೂ ಎದುರು ವಾದಿಸುವ ಇನ್ನೊಬ್ಬರು ಇರುವ ಊರಿದು. ಆದರೆ ಧರ್ಮಶಾಸ್ತ್ರವನ್ನೂ ಗಣಿತವನ್ನೂ ಒಂದೇ ಚಾಪೆಯ ಮೇಲೆ ಕೂರಿಸಿ ಮಾತಾಡಿಸಿದವರು ಯಾರೆಂದು ಕೇಳಿದರೆ, ಬಣ್ಣಗಾರರ ಕೇರಿಯಲ್ಲಿ ಎಲ್ಲರ ಬಾಯಲ್ಲೂ ಬರುವುದು ನಮ್ಮ ಪೂಜ್ಯ ಗುರುಗಳಾದ ಸೀದಿ ಯಖ್ಲಫ್ ಅಲ್-ಹಸ್ಕೂರಿ ಅವರ ಹೆಸರು. ಬಿಸಿಲಿನ ನೆರಳನ್ನೂ ನಕ್ಷತ್ರಗಳ ಎತ್ತರವನ್ನೂ ಅಳೆದು ಐದು ಹೊತ್ತಿನ ನಮಾಜಿನ ವೇಳೆಯನ್ನು ಗೊತ್ತುಮಾಡುವ ಕಾಲಗಣಕರ ಹೊಣೆಯನ್ನು ಬಣ್ಣಗಾರರ ಮಸೀದಿಯಲ್ಲಿ ಯೌವನದಿಂದ ಮುಪ್ಪಿನವರೆಗೆ ಹೊತ್ತು, ಈ ರಜಬ್ ತಿಂಗಳಲ್ಲಿ ಅವರು ಅದನ್ನು ಕೆಳಗಿಳಿಸಿದ್ದಾರೆ. ಶಿಷ್ಯರಾದ ನಾವು ತಲಾ ಒಂದು ಬರಹ ಬರೆದು, ಎಲ್ಲವನ್ನೂ ಒಂದೇ ಹೊತ್ತಗೆಯಾಗಿ ಹೊಲಿಸಿ ಅವರ ಕೈಗಿಡಬೇಕೆಂದು ನಿಶ್ಚಯಿಸಿದ ಸುದ್ದಿ ಕಿವಿಗೆ ಬಿದ್ದಾಗ ಗುರುಗಳು ಹೇಳಿದ್ದು ಇಷ್ಟೇ: "ಹೊಗಳಿಕೆ ಬರೆದು ಕಾಗದ ಯಾಕ್ರಪ್ಪ ಹಾಳ್ ಮಾಡ್ತೀರಿ? ಲೆಕ್ಕ ಬರೀರಿ, ನಾಳೆ ಯಾರಿಗಾದ್ರೂ ಉಪಯೋಗಕ್ಕೆ ಬರುತ್ತೆ." ಅವರ ಮಾತನ್ನು ನಾವು ಮೀರುತ್ತಿರುವುದು ಇದೊಂದೇ ಸಲ, ಅದೂ ಸಂತೋಷದಿಂದ.

ಹಸ್ಕೂರಾ ಬೆಟ್ಟಗಳಲ್ಲಿ ಮಕ್ಕಳಿಗೆ ಕುರಾನ್ ಓದಿಸುತ್ತಿದ್ದ ತಂದೆಯ ಮಗ ಯಖ್ಲಫರು ಫೆಜ್‌ಗೆ ಬಂದದ್ದು ಧರ್ಮಶಾಸ್ತ್ರ ಕಲಿಯಲು. ಸತ್ತವರ ಆಸ್ತಿಯನ್ನು ವಾರಸುದಾರರಿಗೆ ಹಂಚುವ ಅಧ್ಯಾಯಕ್ಕೆ ಬಂದಾಗ ಭಿನ್ನರಾಶಿಗಳ ಪರಿಚಯವಾಯಿತು. ಭಿನ್ನರಾಶಿಗಳ ಬೆನ್ನು ಹತ್ತಿ ಹೋದವರು ತ್ರಿಕೋನಗಳನ್ನು ದಾಟಿ ಗ್ರಹಗತಿಗಳವರೆಗೆ ನಡೆದುಬಿಟ್ಟರು. ಆಕಾಶ ನೋಡುವವರನ್ನೆಲ್ಲ ಕಣಿ ಹೇಳುವವರೆಂದೇ ಜನ ತಿಳಿದಿದ್ದ ಕಾಲವದು. ಮಗಳ ಮದುವೆಗೆ ಒಳ್ಳೆಯ ದಿನ ಕೇಳಿಕೊಂಡು ಬಂದ ತಾಯಿಯೊಬ್ಬಳು, "ಹುಡುಗನ ವಿಷಯ ನಕ್ಷತ್ರ ಏನ್ ಹೇಳುತ್ತೆ ಸೀದಿ?" ಎಂದದ್ದಕ್ಕೆ ಹೊಸ ಕಾಲಗಣಕರು, "ನಕ್ಷತ್ರ ಹೊತ್ತೆಷ್ಟಾಯ್ತು ಅಂತ ಮಾತ್ರ ಹೇಳುತ್ತೆ ತಾಯಿ. ಹುಡುಗನ ವಿಷಯ ಅವನ ಪಕ್ಕದ್ಮನೆಯವರನ್ನ ಕೇಳು" ಎಂದರಂತೆ. ಆ ತಾಯಿ ಹಾಗೆಯೇ ಮಾಡಿದಳೆಂದೂ, ಮದುವೆ ಮುರಿದುಬಿತ್ತೆಂದೂ, ಮರುವರ್ಷ ಬೇರೆ ಮದುವೆಯ ಸಿಹಿಯನ್ನು ಗುರುಗಳ ಮನೆಗೆ ಕಳಿಸಿದಳೆಂದೂ ಕೇರಿಯವರು ಇಂದಿಗೂ ಹೇಳುತ್ತಾರೆ.

ಮಿನಾರಿನ ಮೇಲಿಂದ ಮನೆಗಳ ಒಳಂಗಳ ಕಾಣದಿರಲೆಂದು ಬಾಂಗು ಕೂಗಲು ಕಣ್ಣಿಲ್ಲದವರನ್ನೇ ನೇಮಿಸುವುದು ನಮ್ಮಲ್ಲಿ ವಾಡಿಕೆ. ನಮ್ಮ ಹಮ್ಮಾದಿಯವರು ಹಾಗೆ ನೇಮಕವಾದವರು. ಹೊತ್ತಾದಾಗ ಯಾರಾದರೂ ಬಂದು ಅವರ ತೋಳು ಜಗ್ಗಬೇಕಿತ್ತು. ಜಗ್ಗುವವನು ಮರೆತರೆ ಊರಿನ ಬೈಗುಳವೆಲ್ಲ ಹಮ್ಮಾದಿಯವರ ಪಾಲಿಗೆ ಬರುತ್ತಿತ್ತು. ಇದನ್ನು ಕಂಡ ಗುರುಗಳು ಒಂದು ಚಳಿಗಾಲವಿಡೀ ಕೂತು ನೀರಿನ ಗಡಿಯಾರವೊಂದನ್ನು ಕಟ್ಟಿದರು. ವೇಳೆಗೆ ಸರಿಯಾಗಿ ಅದರೊಳಗಿಂದ ಗುಂಡೊಂದು ಹಿತ್ತಾಳೆ ಬಟ್ಟಲಿಗೆ ಬಿದ್ದು ಠಣ್ಣೆನ್ನುತ್ತಿತ್ತು. ಹಮ್ಮಾದಿಯವರು ಬಟ್ಟಲನ್ನು ಮುಟ್ಟಿ ನೋಡಿ, "ಸದ್ಯ, ಇನ್ನು ಯಾರೂ ತೋಳು ಜಗ್ಗಲ್ಲ. ಅಂಗಿ ಇನ್ನೊಂದಷ್ಟು ವರ್ಷ ಬಾಳುತ್ತೆ" ಎಂದು ನಕ್ಕರು. ಇನ್ನು ರಂಜಾನ್ ಸಂಜೆಗಳಲ್ಲಿ, ಕೇರಿಯೆಲ್ಲ ತಮ್ಮ ಮಾತಿನ ಮೇಲೆ ಉಪವಾಸ ಬಿಡುವುದರಿಂದ, ಸೂರ್ಯ ಮುಳುಗಿದ್ದನ್ನು ಖಚಿತಪಡಿಸಿಕೊಂಡು, ಬಾಂಗು ಮುಗಿಯುವವರೆಗೆ ಕಾದು, ಎಲ್ಲರಿಗಿಂತ ಕಡೆಯಲ್ಲಿ ಖರ್ಜೂರಕ್ಕೆ ಕೈ ಹಾಕುತ್ತಿದ್ದವರು ಗುರುಗಳು. ಅವರ ಪಾಲಿನ ಹರೀರಾ ಸಾರನ್ನು ಕೆಂಡದ ಮೇಲೆ ಬಿಸಿಯಾಗಿಡಲು ಶಿಷ್ಯರಲ್ಲಿ ಪೈಪೋಟಿ ನಡೆಯುತ್ತಿತ್ತು.

ಗುರುಗಳ ಸೇವೆಯ ಕಥೆ ಹೇಳುವವರು ಗೋಡೆ ಬಿದ್ದ ವರ್ಷವನ್ನು ಬಿಟ್ಟು ಹೇಳುವಂತಿಲ್ಲ. ಆ ವರ್ಷ ಹೊಳೆ ಉಕ್ಕಿ ಬಣ್ಣದ ತೊಟ್ಟಿಗಳನ್ನೆಲ್ಲ ತೊಳೆದುಕೊಂಡು ಹೋಯಿತು. ಜೊತೆಗೆ ಮಸೀದಿಯ ದಕ್ಷಿಣದ ಗೋಡೆಯನ್ನೂ ಕೆಡವಿತು. ನಮಾಜಿಗೆ ನಿಂತವರೆಲ್ಲ ಮುಖ ಮಾಡುತ್ತಿದ್ದ ಗೋಡೆ ಅದೇ. ಮತ್ತೆ ಕಟ್ಟುವ ಮೊದಲು ಬಣ್ಣಗಾರರ ಹಿರಿಯರು, ಶಾಸ್ತ್ರಕ್ಕೊಂದು ಮಾತು ಕೇಳಿಬಿಡೋಣವೆಂದು, ಮೆಕ್ಕಾದ ದಿಕ್ಕನ್ನು ಗೊತ್ತುಮಾಡಿಕೊಡಲು ಕಾಲಗಣಕರನ್ನು ಕೋರಿದರು. ಹಳೆಯ ಪಾಯದ ಮೇಲೆಯೇ ಕಟ್ಟಿರೆಂದು ಹೇಳಿದ್ದರೆ ಎಲ್ಲರೂ ತಲೆಯಾಡಿಸಿ ಮನೆಗೆ ಹೋಗುತ್ತಿದ್ದರು. ಗುರುಗಳು ಎರಡೂ ಊರುಗಳ ಸ್ಥಾನವನ್ನು ಕೋಷ್ಟಕಗಳಿಂದ ತೆಗೆದು, ಲೆಕ್ಕ ಹಾಕಿ, ಅದನ್ನು ಮತ್ತೊಮ್ಮೆ ಪರೀಕ್ಷಿಸಿ, ಗೋಡೆ ನೋಡುತ್ತಿರುವುದು ದಕ್ಷಿಣಕ್ಕೆ, ಮೆಕ್ಕಾ ಇರುವುದು ಹೆಚ್ಚುಕಡಿಮೆ ಪೂರ್ವಕ್ಕೆ ಎಂದುಬಿಟ್ಟರು.

ಮಸೀದಿಯ ಅಂಗಳದಲ್ಲಿ ಕಾಜಿಯವರ ಎದುರು ಸಭೆ ಸೇರಿತು. ವಿರೋಧಿಸಲು ಎದ್ದವರು ಮಸೀದಿಯ ಇಮಾಮರೂ ಧರ್ಮಪಂಡಿತರೂ ಆದ ಸೀದಿ ಬರ್ಹೂನ್. ಯಖ್ಲಫರು ಊರಿಗೆ ಬಂದ ಹೊಸತರಲ್ಲಿ ಅವರಿಗೆ ಧರ್ಮಶಾಸ್ತ್ರದ ಮೊದಲ ಪಾಠ ಹೇಳಿದವರೂ ಅವರೇ.

"ಏನಪ್ಪಾ ಯಖ್ಲಫ್, ನಮ್ಮ ಅಜ್ಜ ಮುತ್ತಜ್ಜ ಎಲ್ಲ ದಿಕ್ಕೆಟ್ಟೋರು, ನಿನ್ನ ಕೈಲಿರೋ ಹಿತ್ತಾಳೆ ತಟ್ಟೆಯೊಂದಕ್ಕೇ ದಾರಿ ಗೊತ್ತಾ?" ಎಂದರು ಬರ್ಹೂನರು. ಸಭೆ ನಕ್ಕಿತು. ಅವರು ನಗಲಿಲ್ಲ. "ನಿನ್ನ ಲೆಕ್ಕ ತಪ್ಪು ಅಂತ ಹೇಳೋಕೆ ನನಗೆ ಲೆಕ್ಕ ಬರಲ್ಲ, ಒಪ್ಕೋತೀನಿ. ಆದ್ರೆ ಇವತ್ತು ನೀನೊಂದು ಹೇಳ್ತೀಯ, ನಾಳೆ ಇನ್ನೊಬ್ಬ ಬಂದು ಇನ್ನೊಂದು ಹೇಳ್ತಾನೆ. ಈ ಜನ ಎಷ್ಟು ಸಲ ತಿರುಗಬೇಕು? ನಮಾಜಿನ ಸಾಲು ಒಡೆದ್ರೆ ಹೊಲಿಯೋಕೆ ನಿನ್ನ ಹತ್ರ ಯಾವ ಯಂತ್ರ ಇದೆ?"

ಗುರುಗಳು ಉತ್ತರಿಸುವ ಮೊದಲೇ ಹೆಂಗಸರ ಕಡೆಯಿಂದ, ಕೇರಿಯವರು ಗೌರವದಿಂದ ಲಾಲ್ಲಾ ಎನ್ನುವ ತಮೀಮುಂತ್ ಎದ್ದು ನಿಂತರು. ನೀಲಿ ಬಣ್ಣದ ತೊಟ್ಟಿಯಲ್ಲಿ ದುಡಿದು ತೀರಿಕೊಂಡವರೊಬ್ಬರ ವಿಧವೆ ಅವರು.

"ನನ್ನ ಗಂಡ ಸಾಯೋ ತನಕ ಒಂದು ಹೊತ್ತೂ ತಪ್ಪಿಸಿದೋನಲ್ಲ ಸೀದಿ. ಇದೇ ಗೋಡೆ ಮುಂದೆ ಮಂಡಿ ಸವೆಸ್ದ. ನೀವು ದಿಕ್ಕೇ ತಪ್ಪು ಅಂತೀರಿ. ಹಾಗಾದ್ರೆ ಅವನ ನಮಾಜೆಲ್ಲ ಎಲ್ಲಿಗೆ ಹೋಯ್ತು, ಹೇಳಿ?"

ಕೈಯಲ್ಲಿದ್ದ ಹಿತ್ತಾಳೆಯ ನಕ್ಷತ್ರಯಂತ್ರವನ್ನು ಗುರುಗಳು ಪಕ್ಕದವರಿಗೆ ಕೊಟ್ಟು, ಆಕೆಯ ಕಡೆಗೆ ತಿರುಗಿ ಮಾತಾಡಿದರು.

"ಎಲ್ಲಿಗೆ ಹೋಗಬೇಕಿತ್ತೋ ಅಲ್ಲಿಗೇ ಹೋಯ್ತು ತಾಯಿ. ತನಗೆ ಗೊತ್ತಿದ್ದಷ್ಟು ಹುಡುಕಿ, ಇದೇ ಸರಿ ಅಂತ ನಂಬಿ ನಿಂತೋನ ನಮಾಜು ದೇವರಿಗೆ ಸಲ್ಲುತ್ತೆ. ಇದು ನನ್ನ ಮಾತಲ್ಲ, ಧರ್ಮಶಾಸ್ತ್ರದ ಮಾತು; ನನಗೆ ಕಲಿಸಿದ್ದು ಸೀದಿ ಬರ್ಹೂನರು. ಗೋಡೆ ಕಟ್ಟಿದೋರು ಕಣ್ಣಿಗೆ ಕಂಡ ನಕ್ಷತ್ರ ನೋಡಿ ಹುಡುಕಿದ್ರು. ಅವರ ಹುಡುಕಾಟ ಅವರಿಗೆ ಪುಣ್ಯ ತಂತು. ನನ್ನ ಕೈಲಿ ಇವತ್ತು ಅದಕ್ಕಿಂತ ಒಳ್ಳೆ ಅಳತೆ ಇದೆ. ಇಟ್ಕೊಂಡೂ ಬಾಯಿ ಮುಚ್ಕೊಂಡಿದ್ರೆ, ದಿಕ್ಕು ತಪ್ಪಿದೋನು ನಿಮ್ಮ ಗಂಡ ಅಲ್ಲ, ನಾನು."

ತಮೀಮುಂತ್ ಸೆರಗಿನಿಂದ ಮುಖ ಒರೆಸಿಕೊಂಡು ಕೂತರು. ಕಾಜಿಯವರು ಬಹಳ ಹೊತ್ತು ಗಡ್ಡ ನೀವಿಕೊಂಡು, ಗೋಡೆ ಹಳೆಯ ಪಾಯದ ಮೇಲೆಯೇ ಏಳಲಿ, ಯಾವ ಕಡೆ ತಿರುಗಿ ನಿಲ್ಲಬೇಕೆಂಬುದನ್ನು ಅವರವರ ನಂಬಿಕೆಗೆ ಬಿಡೋಣ, ಯಾರೂ ಯಾರನ್ನೂ ಬಲವಂತ ಮಾಡಬಾರದು ಎಂದು ತೀರ್ಪು ಕೊಟ್ಟರು.

ತೀರ್ಪು ನ್ಯಾಯವಾಗಿತ್ತು, ಪರಿಣಾಮ ಮಾತ್ರ ಬರ್ಹೂನರು ಹೆದರಿದಂತೆಯೇ ಆಯಿತು. ಒಟ್ಟಿಗೆ ನಮಾಜು ಮಾಡುತ್ತಿದ್ದವರು ಮಸೀದಿಯಲ್ಲಿ ಎರಡು ಜಮಾತುಗಳಾದರು. ಬರ್ಹೂನರ ಹಿಂದೆ ಗೋಡೆಗೆ ಮುಖ ಮಾಡಿದವರು ಮುಗಿಸಿ ಎದ್ದ ಮೇಲೆ, ಚಾಪೆಗಳನ್ನು ಗೋಡೆಗೆ ಅಡ್ಡವಾಗಿ ತಿರುಗಿಸಿಕೊಂಡು ಉಳಿದವರು ನಿಲ್ಲುತ್ತಿದ್ದರು. ಅಣ್ಣ ಮೊದಲ ಜಮಾತಿಗೆ, ತಮ್ಮ ಎರಡನೆಯದಕ್ಕೆ. ಮಾವ ಗೋಡೆಗೆ, ಅಳಿಯ ಪೂರ್ವಕ್ಕೆ. ಊರಿನ ಜನರನ್ನೆಲ್ಲ ಒಂದೇ ಗಳಿಗೆಗೆ ಒಟ್ಟುಗೂಡಿಸುವುದೇ ಕಾಲಗಣಕರ ಕೆಲಸ. ಆ ಕೆಲಸದವರಿಂದಲೇ ಜನ ಎರಡಾದರು ಎಂಬ ಕೊರಗು ಗುರುಗಳನ್ನು ವರ್ಷಗಟ್ಟಲೆ ಬಿಡಲಿಲ್ಲ. ಹೇಳಿದ್ದಕ್ಕೆ ಅವರಿಗೆ ಪಶ್ಚಾತ್ತಾಪವಿರಲಿಲ್ಲ. ಆದರೆ ಮೊದಲ ಜಮಾತು ನಡೆಯುವಾಗ ಕಂಬಕ್ಕೊರಗಿ ಅವರ ಬೆನ್ನುಗಳನ್ನೇ ನೋಡುತ್ತ ನಿಲ್ಲುತ್ತಿದ್ದರು. ಆ ಹೊತ್ತಿನಲ್ಲಿ ಅವರನ್ನು ಮಾತಾಡಿಸುವ ಧೈರ್ಯ ನಮಗಾರಿಗೂ ಆಗುತ್ತಿರಲಿಲ್ಲ.

ನಾವೋ, ಸರಿಯಾದ ದಿಕ್ಕು ಹಿಡಿದವರೆಂದು ಬೀಗುತ್ತಿದ್ದೆವು. ಬರ್ಹೂನರ ಕಡೆಯವರಿಗೆ ಗೋಡೆಭಕ್ತರೆಂದು ಹೆಸರಿಟ್ಟು ಹಾಡು ಕಟ್ಟಿದ ದಿನ ಗುರುಗಳು ಪಾಠವನ್ನೇ ನಿಲ್ಲಿಸಿಬಿಟ್ಟರು. "ಎದ್ದೇಳಿ. ಹೋಗಿ ಸೀದಿ ಬರ್ಹೂನರ ಹತ್ರ ಧರ್ಮಶಾಸ್ತ್ರ ಓದಿ. ಅವರ ವಾದಾನ ಅವರಿಗಿಂತ ಚೆನ್ನಾಗಿ ಹೇಳೋಕೆ ಬಂದ ದಿನ ವಾಪಸ್ ಬನ್ನಿ" ಎಂದರು. ಕಾಲೆಳೆದುಕೊಂಡು ಹೋದ ನಮ್ಮನ್ನು ಬರ್ಹೂನರು ಮೇಲಿಂದ ಕೆಳಗೆ ನೋಡಿ, "ಅವನ ಕೈಲಿ ಸಂಭಾಳಿಸೋಕಾಗ್ದೆ ನನ್ನ ತಲೆಗೆ ಕಟ್ಟಿದ್ನಾ? ಕೂತ್ಕೊಳ್ಳಿ" ಎಂದು ಗೊಣಗಿದರು, ಗೊಣಗುತ್ತಲೇ ಅಚ್ಚುಕಟ್ಟಾಗಿ ಪಾಠ ಹೇಳಿದರು. ಹೀಗೆ ಬಣ್ಣಗಾರರ ಮಸೀದಿಯ ಶಿಷ್ಯರೆಂದರೆ ಎರಡೂ ಕಡೆ ಪಳಗಿದವರೆಂಬ ಮಾತು ಹುಟ್ಟಿತು. ಆ ಹೆಸರಿನ ಬಲದಿಂದಲೇ ನಮ್ಮಲ್ಲಿ ಕೆಲವರು ತ್ಲೆಮ್ಸೆನ್‌ನಲ್ಲೂ ಮರಾಕೆಶ್‌ನಲ್ಲೂ ಇಂದು ಪೀಠಗಳಲ್ಲಿ ಕೂತಿದ್ದಾರೆ.

ಗುರುಗಳು ಮಾತ್ರ ತಮ್ಮ ಲೆಕ್ಕವನ್ನು ಮುಗಿಯಿತೆಂದು ಕಟ್ಟಿಡಲಿಲ್ಲ. ಕೋಷ್ಟಕಗಳು ಹೇಳುವ ಮೆಕ್ಕಾದ ಸ್ಥಾನದ ಬಗ್ಗೆ ಅವರಿಗೆ ಅನುಮಾನವಿದ್ದೇ ಇತ್ತು. ಶಿಷ್ಯ ಮಿಸ್ಬಾಹ್ ಹಜ್ ಯಾತ್ರೆಗೆ ಹೊರಟಾಗ, ಅಲ್ಲಿರುವಾಗ ಬರಲಿರುವ ಚಂದ್ರಗ್ರಹಣದ ಆರಂಭವನ್ನು ಅಳೆದುಕೊಂಡು ಬರಬೇಕೆಂದು ಅವನಿಗೆ ಹೇಳಿ, ಅದೇ ಗ್ರಹಣವನ್ನು ತಾವು ಇಲ್ಲಿ ಅಳೆದರು. ಗ್ರಹಣ ಹಿಡಿಯುವುದು ಎರಡೂ ಊರಿನಲ್ಲಿ ಒಂದೇ ಗಳಿಗೆಗೆ. ಆದರೆ ಆಗ ಮೆಕ್ಕಾದಲ್ಲಿ ಇರುಳು ಹೆಚ್ಚು ಸರಿದಿರುತ್ತದೆ, ನಮ್ಮಲ್ಲಿ ಕಡಿಮೆ. ಆ ಅಂತರದಿಂದ ಮೆಕ್ಕಾ ನಮಗೆ ಎಷ್ಟು ಪೂರ್ವಕ್ಕಿದೆಯೆಂದು ತಿಳಿಯುತ್ತದೆ. ಮಿಸ್ಬಾಹ್ ಮರಳಿ ಬಂದ ಮೇಲೆ ಎರಡೂ ಅಳತೆಗಳನ್ನು ಕೂಡಿಸಿ ನೋಡಿದರೆ, ಕೋಷ್ಟಕ ಹೇಳಿದಷ್ಟು ಪೂರ್ವಕ್ಕೆ ಮೆಕ್ಕಾ ಇರಲಿಲ್ಲ. ಅಂದರೆ ಅಷ್ಟು ವರ್ಷ ಅವರೂ ಅವರನ್ನು ನಂಬಿದವರೂ ನಿಂತ ದಿಕ್ಕು ತುಸು ತಪ್ಪಾಗಿತ್ತು. ಚಾಪೆಗಳು ಸ್ವಲ್ಪ ದಕ್ಷಿಣಕ್ಕೆ ತಿರುಗಬೇಕಿತ್ತು. ಗುರುಗಳು ಕೆಲಸ ಬಿಡಲು ಒಂದೇ ವಾರ ಉಳಿದಿತ್ತು.

"ಬಿಡಿ ಸೀದಿ, ಇಷ್ಟು ಸಣ್ಣ ವ್ಯತ್ಯಾಸ ಯಾರಿಗೆ ಕಾಣುತ್ತೆ? ನೀವು ಹೋದ್ಮೇಲೆ ನಾವೇ ಸದ್ದಿಲ್ದೆ ತಿರುಗಿಸ್ಕೋತೀವಿ" ಎಂದು ಮಿಸ್ಬಾಹ್ ಅಂಗಲಾಚಿದ. ಅವನ ಅಂಜಿಕೆ ನಮ್ಮೆಲ್ಲರದೂ ಆಗಿತ್ತು: ಬರ್ಹೂನರ ಅಂದಿನ ಮಾತು ನಿಜವಾಯಿತೆಂದು ಊರು ಆಡಿಕೊಳ್ಳುತ್ತದೆ, ಒಡೆದ ಸಾಲು ಇನ್ನು ಕೂಡುವುದಿಲ್ಲ, ಗುರುಗಳ ಹೆಸರೂ ಅದರ ಜೊತೆಗೆ ಹೋಗುತ್ತದೆ. ಗುರುಗಳು ಒಪ್ಪಲಿಲ್ಲ. ಶುಕ್ರವಾರ ಎರಡೂ ಜಮಾತಿನವರು ಸೇರಿದ್ದಾಗ ಎದ್ದು ನಿಂತು, ತಮ್ಮ ಲೆಕ್ಕದಲ್ಲಿ ಎಲ್ಲಿ ತಪ್ಪಾಗಿತ್ತು, ಅದು ಹೇಗೆ ತಿಳಿಯಿತು, ಎಷ್ಟು ತಿರುಗಬೇಕು ಎಂಬುದನ್ನು ಎಲ್ಲರಿಗೂ ಅರ್ಥವಾಗುವಂತೆ ಬಿಡಿಸಿ ಹೇಳಿದರು.

ಗೋಡೆಯ ಕಡೆಯವರಲ್ಲಿ ಗುಸುಗುಸು ಎದ್ದಿತು. ಬರ್ಹೂನರು ಕೋಲೂರಿಕೊಂಡು ಎದ್ದರು.

"ಅಂತೂ ನಮ್ಮ ಕಡೆಗೇ ಬರ್ತಾ ಇದೀಯ. ದೇವರು ಇನ್ನೊಂದು ಆಯುಸ್ಸು ಕೊಟ್ರೆ ಗೋಡೆ ಮುಟ್ಟೇ ಬಿಡ್ತೀಯ." ನಗು ಇಳಿಯುವವರೆಗೆ ಅವರು ಕಾದರು. "ಈ ತಪ್ಪು ಬೇರೆ ಯಾರಿಗಾದ್ರೂ ಗೊತ್ತಾಗೋ ಹಂಗಿತ್ತಾ?"

"ಇಲ್ಲ ಸೀದಿ."

"ಮತ್ತೆ ಯಾಕೆ ಹೇಳ್ದೆ?"

"ಹೇಳ್ದೇ ಇದ್ರೆ ಹುಡುಗ್ರು ನನ್ನ ಮಾತು ಅಂತ ಅದನ್ನೇ ಹಿಡ್ಕೊಂಡು ನಿಂತುಬಿಡೋರು."

ಬರ್ಹೂನರು ಕೋಲೂರುತ್ತ ಗುರುಗಳ ಹತ್ತಿರ ಬಂದರು. ಆಮೇಲೆ ಸಭೆಗೆಲ್ಲ ಕೇಳುವಂತೆ ಹೇಳಿದರು: "ಲೆಕ್ಕ ಬದಲಾಗುತ್ತೆ ಅಂತ ನನಗೆ ಅವತ್ತೇ ಗೊತ್ತಿತ್ತು. ಲೆಕ್ಕ ಹಾಕಿದೋನೇ ಎದ್ದು ನಿಂತು ಅದನ್ನ ಹೇಳ್ತಾನೆ ಅಂತ ಗೊತ್ತಿರ್ಲಿಲ್ಲ. ಎಲ್ಲಿ, ತೋರಿಸು. ಎಷ್ಟು ತಿರುಗಬೇಕು?"

ನಮ್ಮ ಗುರುಗಳೇ ಬಗ್ಗಿ, ತಮ್ಮ ಹಳೆಯ ಗುರುಗಳ ಚಾಪೆಯನ್ನು ಎರಡೂ ಕೈಯಿಂದ ಹಿಡಿದು ತಿರುಗಿಸಿದರು. ಬರ್ಹೂನರು ಅದರ ಮೇಲೆ ಇಮಾಮರಾಗಿ ನಿಂತರು. ಅವರ ಹಿಂದೆ ಮಾವನೂ ಅಳಿಯನೂ, ಅಣ್ಣನೂ ತಮ್ಮನೂ ಭುಜಕ್ಕೆ ಭುಜ ಕೊಟ್ಟು ನಿಂತರು. ಹಮ್ಮಾದಿಯವರು ಕೈಚಾಚಿ ಎರಡೂ ಬದಿಯವರನ್ನು ತಡವಿ ನೋಡಿ, "ಏನ್ರೋ ಇದು, ಇವತ್ತು ಇಷ್ಟೊಂದು ಇಕ್ಕಟ್ಟು!" ಎಂದರು. ಆ ಇಕ್ಕಟ್ಟಿನಲ್ಲಿ ನಿಂತಿದ್ದ ನಾವು ಅಳುತ್ತಿದ್ದೆವು, ಹೇಳಿಕೊಳ್ಳಲು ಸಂಕೋಚವೇನಿಲ್ಲ.

ಪೂಜ್ಯರು ಈಗ ಮನೆಯ ಮಾಳಿಗೆಯ ಮೇಲೆ ಕೂತು ಹಳೆಯ ಕೋಷ್ಟಕಗಳನ್ನು ಮೊದಲಿನಿಂದ ತಿದ್ದುತ್ತಿದ್ದಾರೆ. ಮಿಸ್ಬಾಹ್ ಅವರ ಜಾಗದಲ್ಲಿ ಹೊತ್ತು ಗಣಿಸುತ್ತಿದ್ದಾನೆ. ದೇವರು ನಮ್ಮ ಗುರುಗಳಿಗೆ ಮಸುಕಾಗದ ಕಣ್ಣನ್ನೂ ನಡುಗದ ಕೈಯನ್ನೂ ತಿಳಿಯಾದ ಆಕಾಶವನ್ನೂ ಕರುಣಿಸಲಿ. ಈ ಹೊಸ ದಿಕ್ಕಿನಲ್ಲೂ ಒಂದು ತಪ್ಪನ್ನು ಕಂಡುಹಿಡಿಯುವಷ್ಟು ಕಾಲ ಅವರು ಬಾಳಲಿ. ಚಾಪೆ ತಿರುಗಿಸಲು ನಾವೆಲ್ಲ ಇದ್ದೇವೆ.