ಅಕಾರಾದಿಯಲ್ಲಿ ಕಳೆದುಹೋದ ದಿನಗಳು

ಇದು ಹೋದ ವರ್ಷ ಜನವರಿಯಲ್ಲಿ, ನನ್ನ ಎಂಸಿಎ ಪ್ರಾಕ್ಟಿಕಲ್ ಪರೀಕ್ಷೆಯ ದಿನ ನಡೆದದ್ದು. ನಲವತ್ತೆರಡನೇ ವಯಸ್ಸಿನಲ್ಲಿ ಎಂಸಿಎ ಏನು ಎಂದು ನಗಬೇಡಿ. ಮನೆಯವರು ಆಗಲೇ ಸಾಕಷ್ಟು ನಕ್ಕಿದ್ದಾರೆ. ದೆಹಲಿಯ ಸರ್ಕಾರಿ ಕಚೇರಿಯೊಂದರಲ್ಲಿ ನಾನು ಗುಮಾಸ್ತೆ. ಫೈಲು ಹೊತ್ತು ಸಾಕಾಗಿ, ಕಂಪ್ಯೂಟರ್ ವಿಭಾಗಕ್ಕೆ ಹೋಗುವ ಆಸೆಯಿಂದ ದೂರಶಿಕ್ಷಣಕ್ಕೆ ಸೇರಿದ್ದೆ.

ಘಾಜಿಯಾಬಾದಿನ ಮನೆಯಿಂದ ಕಚೇರಿಗೆ ಮೆಟ್ರೋದಲ್ಲಿ ಒಂದು ಗಂಟೆಯ ದಾರಿ. ಹತ್ತಿದ ಕೂಡಲೇ ದಾವಣಗೆರೆಯಲ್ಲಿ ಅಣ್ಣನ ಜೊತೆಗಿದ್ದ ಅಮ್ಮನಿಗೆ ಫೋನ್ ಮಾಡುತ್ತಿದ್ದೆ. "ಸೀಟು ಸಿಕ್ತೇನೇ?" ಎಂಬುದು ಅವಳ ಮೊದಲ ಪ್ರಶ್ನೆ. ಆಮೇಲೆ ನಾನು ಏನು ಹೇಳಿದರೂ ಅದಕ್ಕೊಂದು ಗಾದೆ. ಬಡ್ತಿ ಸಿಗುವ ಮೊದಲೇ ಹೊಸ ಸೋಫಾ ನೋಡಿ ಬಂದೆವು ಎಂದರೆ, "ಕೂಸು ಹುಟ್ಟೋಕೆ ಮುಂಚೆ ಕುಲಾವಿ ಹೊಲಿಸಿದ್ರಂತೆ" ಎಂದು ನಗುವಳು. ದಿನದ ಗಾದೆಯನ್ನು ಫೋನಿನಲ್ಲಿ ಟೈಪ್ ಮಾಡಿಡುವುದು ನನಗೆ ಅಭ್ಯಾಸವಾಯಿತು. ತಾರೀಖು ಹಾಕುತ್ತಿರಲಿಲ್ಲ. ಒಂದರ ಕೆಳಗೊಂದು, ಅಷ್ಟೇ.

ಪರೀಕ್ಷೆಗೆ ಎರಡು ತಿಂಗಳ ಮುಂಚೆ, ನವೆಂಬರಿನಲ್ಲಿ, ಅಮ್ಮ ಹೋದಳು. ಸ್ನಾನದ ಮನೆಯಲ್ಲಿ ಬಿದ್ದವಳು ಮತ್ತೆ ಏಳಲಿಲ್ಲ. ಹದಿನಾಲ್ಕು ದಿನ ಊರಲ್ಲಿದ್ದು ಬಂದು ನೋಡಿದರೆ ಪ್ರಾಕ್ಟಿಕಲ್ ಹತ್ತಿರ ಬಂದಿತ್ತು. ಪ್ರೋಗ್ರಾಮಿನಲ್ಲಿ ನಮ್ಮದೇ ಒಂದು ಕಂಟೇನರ್ ಬರೆಯಬೇಕಿತ್ತು. ಕಂಟೇನರ್ ಎಂದರೆ ಬೇರೇನಲ್ಲ, ಅಡುಗೆಮನೆಯ ಡಬ್ಬಿ ಇದ್ದಂತೆ, ಮಾಹಿತಿ ತುಂಬಿಡಲು. ಅದರೊಳಗಿನದನ್ನು ಕ್ರಮವಾಗಿ ಜೋಡಿಸುವ, ಬೇಕಾದ್ದನ್ನು ಹುಡುಕುವ ವಿಧಾನಗಳನ್ನೂ, ಸಿದ್ಧವಾಗಿ ಸಿಗುವಂಥವನ್ನು ಬಳಸದೆ, ನಾವೇ ಬರೆಯಬೇಕು. ಉಳಿದವರೆಲ್ಲ ರೋಲ್ ನಂಬರ್ ತುಂಬಿದರು. ನಾನು ಅಮ್ಮನ ಗಾದೆಗಳನ್ನು ತುಂಬಿದೆ. ಒಟ್ಟು ಇನ್ನೂರ ಹದಿನಾರು. ಅವಳು ನನಗಾಗಿ ಬಿಟ್ಟು ಹೋದದ್ದು ಅದೊಂದೇ ಅಂತ ನನಗೆ ಅನ್ನಿಸಿತ್ತು.

ಬೇಗ ಹುಡುಕಬೇಕಾದರೆ ಮೊದಲು ಅಕಾರಾದಿಯಲ್ಲಿ ಜೋಡಿಸಿರಬೇಕು. ನಿಘಂಟನ್ನು ನಡುವೆ ತೆರೆದು, ಹಿಂದೆಯೋ ಮುಂದೆಯೋ ಎಂದು ನೋಡುತ್ತ ಹೋಗುತ್ತೇವಲ್ಲ, ಹಾಗೆ. ಒಂದು ವಾರ ಒದ್ದಾಡಿದ ಮೇಲೆ ಗಾದೆಗಳೆಲ್ಲ ಅ ಇಂದ ಹ ವರೆಗೆ ಸಾಲಾಗಿ ನಿಂತವು. ಕುಣಿದಾಡುವಷ್ಟು ಖುಷಿಯಾಯಿತು. ಜೋಡಿಸಿದ್ದನ್ನು ಅದೇ ಫೈಲಿಗೆ ಉಳಿಸಿದೆ. ಗಾದೆಗಳು ಹೇಗೂ ಕಂಪ್ಯೂಟರಿನಲ್ಲಿವೆ ಎಂದು ಹಳೆಯ ಫೋನನ್ನು ಆಗಲೇ ಅಳಿಸಿ, ಎಕ್ಸ್‌ಚೇಂಜಿಗೆ ಕೊಟ್ಟಾಗಿತ್ತು.

ಪರೀಕ್ಷಕರು ವಯಸ್ಸಾದವರು, ಹಿಂದಿಯವರು. "ಕೂಸು" ಎಂದು ಟೈಪ್ ಮಾಡಿ ತೋರಿಸಿದೆ, ಕುಲಾವಿಯ ಗಾದೆ ಕಣ್ಣು ಮಿಟುಕಿಸುವಷ್ಟರಲ್ಲಿ ಸಿಕ್ಕಿತು. "ಬಹುತ್ ಅಚ್ಛಾ" ಎಂದರು. ಅರ್ಥ ಕೇಳಿ ನಕ್ಕರು. ಆಮೇಲೆ, "ಮೇಡಂ, ಇದರಲ್ಲಿ ಎಲ್ಲಕ್ಕಿಂತ ಕೊನೆಗೆ ಹಾಕಿದ್ದು ಯಾವುದು, ತೋರಿಸಿ" ಎಂದು ಹಿಂದಿಯಲ್ಲೇ ಕೇಳಿದರು.

ನಾನು ಧೈರ್ಯವಾಗಿ ಪಟ್ಟಿಯ ಕೊನೆಯದನ್ನು ತೋರಿಸಿದೆ. "ಹೊಟ್ಟೆಗೆ ಹಿಟ್ಟಿಲ್ಲ, ಜುಟ್ಟಿಗೆ ಮಲ್ಲಿಗೆ ಹೂವು."

"ಇದು ಅಕ್ಷರದಲ್ಲಿ ಕೊನೆಯದು. ನೀವು ಕೊನೆಗೆ ಹಾಕಿದ್ದು?"

ಹಳೆಯ ಸಾಲಿನ ಮೇಲೆಯೇ ಹೊಸದನ್ನು ಉಳಿಸಿಬಿಟ್ಟಿದ್ದೆ. ಅಮ್ಮ ಹೇಳಿದ ಕ್ರಮ ಹೋಗಿತ್ತು. ಆ ಕ್ರಮ ಬರೀ ಗಾದೆಗಳದ್ದಲ್ಲ, ನಮ್ಮ ಬೆಳಗುಗಳದ್ದು. ಕೊನೆಯ ಕರೆಯ ದಿನ ಮೆಟ್ರೋ ಬದಲಾಯಿಸುವ ನೂಕುನುಗ್ಗಲಲ್ಲಿದ್ದೆ. ಅವಳು ಏನೋ ಹೇಳಿದಳು, ನಾನು "ಆಮೇಲೆ ಮಾಡ್ತೀನಮ್ಮ" ಎಂದು ಇಟ್ಟುಬಿಟ್ಟೆ. ಗಾದೆಯನ್ನು ಕೈ ತನ್ನಷ್ಟಕ್ಕೆ ಟೈಪ್ ಮಾಡಿತ್ತು, ಮನಸ್ಸು ಕೇಳಿಸಿಕೊಂಡಿರಲಿಲ್ಲ. ಆಮೇಲೆ ಅಂದದ್ದು ಬರಲೇ ಇಲ್ಲ. ಮರುದಿನ ಬೆಳಗ್ಗೆ ಅಣ್ಣನ ಫೋನ್ ಬಂದಿತ್ತು.

ಪರೀಕ್ಷೆಯ ಕೋಣೆಯಲ್ಲೇ ಅತ್ತುಬಿಟ್ಟೆ. ಆ ಹಿರಿಯರು ಗಾಬರಿಯಾಗಿ ನೀರು ತರಿಸಿದರು. ವಿಷಯ ಹೇಳಿದೆ. "ಬೇಟಾ, ಜೋಡಿಸೋ ಮುಂಚೆ ಒಂದು ನಕಲು ಇಡಬೇಕು ಅಂತ ನಾವೂ ಹೇಳಿಕೊಡಲಿಲ್ಲ" ಎಂದರು. ಒಳ್ಳೆಯ ಅಂಕವನ್ನೇ ಕೊಟ್ಟರು. ಆದರೆ ಅಂಕ ಯಾರಿಗೆ ಬೇಕಿತ್ತು?

ಮನೆಗೆ ಬಂದು ಪಟ್ಟಿ ಹರಡಿಕೊಂಡು ಕೂತೆ. ಹತ್ತನೇ ಕ್ಲಾಸಿನ ಮಗಳು ಸಿರಿ ಪಕ್ಕಕ್ಕೆ ಬಂದಳು. ಕನ್ನಡ ಅವಳಿಗೆ ಅರ್ಥವಾಗುತ್ತದೆ, ಬಾಯಿಗೆ ಮಾತ್ರ ಹಿಂದಿ ಬೆರೆತೇ ಬರುವುದು. "ಅಮ್ಮಾ, ಯೇ ವಾಲಾ ನಂಗೊತ್ತು. ಕುಣಿಯಲಾರದವಳು ನೆಲ ಡೊಂಕು ಅಂದಳು. ನಾನು ಡ್ಯಾನ್ಸಲ್ಲಿ ಸೋತು, ಸ್ಟೇಜ್ ಠೀಕ್ ಇರ್ಲಿಲ್ಲ ಅಂದೆ ನಾ, ಆ ಸಂಡೇ ಅಜ್ಜಿ ಸ್ಪೀಕರಲ್ಲಿ ಹೇಳಿದ್ದು." ಅಜ್ಜಿಯ ಮಾತು ಅವಳ ಕಿವಿಗೂ ಬಿದ್ದಿತ್ತೆಂದು ನನಗೆ ಅವತ್ತೇ ಗೊತ್ತಾದದ್ದು. ಹೀಗೆ ಅವಳೂ ನಾನೂ ಸೇರಿ ನಲವತ್ತಕ್ಕೋ ಏನೋ ದಿನ ಹುಡುಕಿದೆವು. ಉಳಿದವಕ್ಕೆ ಸಿಗಲಿಲ್ಲ. ಕೊನೆಯದು ಯಾವುದೆಂದಂತೂ ಇವತ್ತಿಗೂ ಗೊತ್ತಾಗಿಲ್ಲ.

ಈಗ ನಾನು ಕಂಪ್ಯೂಟರ್ ವಿಭಾಗದಲ್ಲೇ ಇದ್ದೇನೆ. ಏನನ್ನು ಮುಟ್ಟುವ ಮೊದಲೂ ಎರಡೆರಡು ನಕಲು ತೆಗೆದಿಡುವವಳು ಎಂದು ಎಲ್ಲರೂ ಆಡಿಕೊಳ್ಳುತ್ತಾರೆ. ಆಡಿಕೊಳ್ಳಲಿ. ಬೆಳಗಿನ ಮೆಟ್ರೋದಲ್ಲಿ ಒಂದೊಂದೇ ಗಾದೆಯನ್ನು ಅಮ್ಮನ ದನಿಯಲ್ಲಿ ಮನಸ್ಸಿನಲ್ಲೇ ಹೇಳಿನೋಡುತ್ತೇನೆ, ಇದೇ ಇದ್ದಿರಬಹುದೇ ಎಂದು. ಯಾವುದೆಂದು ಗೊತ್ತಾದರೆ ದೊಡ್ಡದೇನೂ ಮಾಡುವುದಿಲ್ಲ. ಅವತ್ತು ಕೇಳಿಸಿಕೊಳ್ಳದೆ ಹೋದದ್ದಕ್ಕೆ, "ಹೂಂ ಅಮ್ಮ" ಅನ್ನುತ್ತೇನೆ, ಅಷ್ಟೇ.