ಕಾಶವ್ವನ ಲೊಚ್ ಲೊಚ್

ನಾಲ್ಕಾರು ಸಂಸಾರಗಳಿರುವ ನಮ್ಮ ವಾಡೆಯ ಕಾಶವ್ವ ಒಮ್ಮೆ ಲೊಚಗುಟ್ಟಿದರೆ ದೂರದ ಲೋಣಾವಳದಲ್ಲಿ ಶೇಂಗಾ ಚಿಕ್ಕಿ ಕೂಡ ಕರಗಿ ಮೆತ್ತಗಾಗುತ್ತಿತ್ತು. ಗೋಕಾಕದಿಂದ ಮದುವೆಯಾಗಿ ಪುಣೆಗೆ ಬಂದವಳು. ಗಂಡ ಹೋದ ಮೇಲೆ ಜೋಳದ ರೊಟ್ಟಿ ಬಡಿದು ಮಗ ಸಂಜುವನ್ನು ಓದಿಸಿದವಳು. ಉದ್ಯೋಗ ರೊಟ್ಟಿ, ಹವ್ಯಾಸ ಮಂದಿಯ ಕಷ್ಟ. ನೆರೆಯವರ ಮನೆಯಲ್ಲಿ ಗ್ಯಾಸ್ ತೀರಿದರೂ ಲೊಚ್, ಯಜಮಾನ ತೀರಿದರೂ ಲೊಚ್ ಲೊಚ್.

ಎರಡು ವರ್ಷದ ಹಿಂದೆ ಅವಳ ಕಣ್ಣು ಮಂಜಾಯಿತು. ಬೆಳಕು-ನೆರಳು ಬಿಟ್ಟರೆ ಮತ್ತೇನೂ ಉಳಿಯದು ಎಂದರು ಡಾಕ್ಟರು. ಕಾಶವ್ವ ತನ್ನ ಕಣ್ಣಿಗೆ ತಾನೇ ಲೊಚಗುಟ್ಟಿಕೊಂಡಳು. ಆಗ ಶುರುವಾಯಿತು ನೋಡಿ. ಒಂದು ದಿನ ಪಕ್ಕದ ಮನೆಯ ನನ್ನ ಹತ್ತಿರ ಬಂದು ಕೇಳಿದಳು:

“ಅಣ್ಣಾರ, ಗ್ವಾಡಿ ಮುಂದ ನಿಂತು ಲೊಚ್ ಅಂದ್ರ ದನಿ ತಿರುಗಿ ಮಾರಿಗೆ ಬಡೀತದ. ಬಾಗಲದಾಗ ಅಂದ್ರ ಹೊರಗ ಹೋಗೇಬಿಡ್ತದ. ನನಗ ಹುಚ್ಚು ಹಿಡೀತೇನು?”

“ಹುಚ್ಚಲ್ಲವಾ, ಬಾವಲಿ ಆಗಾಕ್ಹತ್ತೀದಿ,” ಎಂದೆ.

ಬಾವಲಿ ಕುರುಡು ಅನ್ನುವುದು ನಾವು ಕಟ್ಟಿದ ಸುಳ್ಳು. ಅದಕ್ಕೂ ಕಣ್ಣು ಕಾಣುತ್ತದೆ. ಆದರೆ ಹುಳ ಹಿಡಿಯುವ ಸಣ್ಣ ಬಾವಲಿಗಳು ಕತ್ತಲಲ್ಲಿ ನಮ್ಮ ಕಿವಿಗೆ ನಿಲುಕದಂಥ ಕೀರಲು ದನಿಯಲ್ಲಿ ಕೂಗುತ್ತ, ಆ ಕೂಗು ಎದುರಿಗಿದ್ದದ್ದಕ್ಕೆ ಬಡಿದು ಮರಳುವುದನ್ನು ಕೇಳಿ ದಾರಿ ಹಿಡಿಯುತ್ತವೆ. ಹಣ್ಣು ತಿನ್ನುವ ಒಂದು ಜಾತಿಯಂತೂ ನಾಲಗೆಯನ್ನೇ ಟಕ್ಕೆನಿಸುತ್ತದೆ. ಇಷ್ಟು ಕೇಳಿ ಕಾಶವ್ವ, “ಲೊಚ್ ಲೊಚ್, ಅವಕ್ಕೂ ಪಾಪ ಎಷ್ಟ್ ತ್ರಾಸ!” ಎಂದಳು.

ಮಳೆಗಾಲ ಮುಗಿಯುವ ಹೊತ್ತಿಗೆ ಲೊಚ್ ಲೊಚ್ ಎಂದೇ ದಾರಿ ಹಿಡಿದು ಬಾಜಾರಕ್ಕೆ ಒಬ್ಬಳೇ ಹೋಗತೊಡಗಿದಳು. ತನ್ನ ಸೊಪ್ಪು ನೋಡಿ ಲೊಚಗುಟ್ಟಿದಳೆಂದು ಕೊತ್ತಂಬರಿಯವನು ಇನ್ನೊಂದು ಸಿವುಡು ಕೊಟ್ಟ. ಎದುರುಮನೆಯ ಇಂದೂಳ ಹೊಸ ಸ್ಕೂಟರ್ ಎಷ್ಟು ಅಡ್ಡ ನಿಂತಿದೆ ಎಂದು ತಿಳಿಯಲು ಲೊಚ್ ಅಂದದ್ದಕ್ಕೆ, ಇಂದೂ ದೃಷ್ಟಿ ತಾಕಿತೆಂದು ಹ್ಯಾಂಡಲಿಗೆ ಲಿಂಬೆಹಣ್ಣು ಕಟ್ಟಿದಳು.

ಅಷ್ಟರಲ್ಲಿ ಪುಣೆಯದೇ ಇನ್ನೊಂದು ತುದಿಯ ಮಗರಪಟ್ಟಾದಲ್ಲಿದ್ದ ಸಂಜುವಿಗೆ ಹೆಣ್ಣುಕೂಸಾಯಿತು. ಮೊಮ್ಮಗಳನ್ನು ತಾನೇ ಎತ್ತಿ ಒಯ್ದು ತೊಟ್ಟಿಲಿಗೆ ಹಾಕಬೇಕೆಂದು ಕಾಶವ್ವನ ಆಸೆ. ಸೊಸೆ ದೀಪಾಲಿ ಬೇಡವೆಂದಳು.

“ಕೂಸಿನ ಬೀಳಸ್ತೀನಿ ಅಂತ ಅಂಜಿಕಿ ಏನ?”

“ಅದಲ್ರಿ ಅತ್ತಿ. ಲೊಚಗುಟ್ಟಲಾರದ ನಿಮಗ ನಡ್ಯಾಕ ಬರೂದಿಲ್ಲ. ತೊಟ್ಟಿಲ ದಿನ ಕೂಸಿನ ಮ್ಯಾಲೆ ಲೊಚಗುಟ್ಟಿದ್ರ ಮಂದಿ ಏನಂದಾರು?”

ಸೊಸೆಯದೂ ತಪ್ಪಲ್ಲ. ಶುಭಕಾರ್ಯದಲ್ಲಿ ಲೊಚಗುಟ್ಟುವುದು ನಮ್ಮ ಕಡೆ ಸೀನಿಗಿಂತ ದೊಡ್ಡ ಅಪಶಕುನ. ಕಾಶವ್ವ ಬಾಯಿಗೆ ಬೀಗ ಹಾಕಿದಳು. ವಾಡೆ ಎಷ್ಟು ನಿಶ್ಶಬ್ದವಾಯಿತೆಂದರೆ ಹಲ್ಲಿಗಳು ನಾಚಿ ಲೊಚಗುಟ್ಟುವುದು ಬಿಟ್ಟವು.

ತೊಟ್ಟಿಲ ದಿನ ಅಪಾರ್ಟ್‌ಮೆಂಟ್ ಸೊಸೈಟಿಯ ಹಾಲ್‌ನಲ್ಲಿ ಸಂಜು ಅವ್ವನನ್ನು ಕೈಹಿಡಿದು ತಂದು ಮೂಲೆಯ ಕುರ್ಚಿಯಲ್ಲಿ ಕೂರಿಸಿದ. ಕೂಸು ದೂರದ ಶಿರೂರಿಗೂ ಕೇಳುವಂತೆ ಅಳುತ್ತಿತ್ತು. ಎಲ್ಲರ ಕೈ ದಾಟಿದರೂ ಸುಮ್ಮನಾಗಲಿಲ್ಲ. ಕಡೆಗೆ ಅಜ್ಜಿಯ ಮಡಿಲಿಗೆ ಬಂತು. ಕಾಶವ್ವನ ನಾಲಗೆ ಲೊಚ್ ಎನ್ನಲು ಎದ್ದದ್ದು ಹಲ್ಲಿನ ಹತ್ತಿರ ತಡೆದು ನಿಂತಿತು. ಆಮೇಲೆ ಅಂಗುಳಕ್ಕೆ ಮಡಚಿಕೊಂಡು, ಮಕ್ಕಳಿಗೆ ಕುದುರೆ ಓಡಿಸುತ್ತೇವಲ್ಲ, ಹಾಗೆ “ಟೊಕ್, ಟೊಕ್” ಎಂದಿತು.

ಕೂಸು ಅಳು ನಿಲ್ಲಿಸಿತು. ಕಾಶವ್ವನೂ ಕಿವಿ ಓರೆಮಾಡಿದಳು. ಟೊಕ್ ಅಂದದ್ದು ಆಚೆ ಗೋಡೆಗೆ ಹೋಗಿ, ಲೊಚ್‌ಗಿಂತ ಸ್ವಚ್ಛವಾಗಿ ತಿರುಗಿ ಬಂದಿತ್ತು!

ಕೂಸನ್ನು ಅವಚಿಕೊಂಡು ಎದ್ದೇಬಿಟ್ಟಳು. ಸಂಜು ಹಿಡಿಯಲು ಓಡಿದ. ದೀಪಾಲಿ ಅವನ ತೋಳು ಹಿಡಿದಳು. “ಬಿಡ್ರಿ. ಹೋಗ್ಲಿ.”

ಟೊಕ್, ಟೊಕ್. ಕುರ್ಚಿ ಬಳಸಿದಳು, ಫೋಟೋದವನ ಕ್ಯಾಮೆರಾದ ಮೂರು ಕಾಲು ಬಳಸಿದಳು. ಹುರುಪೆದ್ದ ಹೆಂಗಸರೂ ಕೂಸಿಗೆಂದು ಟೊಕ್ ಟೊಕ್ ಶುರುಹಚ್ಚಿದರು. ಇಡೀ ಹಾಲ್ ಜಟಕಾ ಸ್ಟ್ಯಾಂಡ್ ಆಯಿತು. ಕಾಶವ್ವ ನಡುವೆ ನಿಂತು ಗದರಿದಳು:

“ಬಾಯಿ ಮುಚ್ಚರೆವ್ವಾ, ನನಗ ದಾರಿ ಕಾಣವಲ್ದು!”

ಇಡೀ ಹಾಲ್ ಗಪ್ಪಾಯಿತು. ಇನ್ನೆರಡು ಟೊಕ್. ಕೈಚಾಚಿದಲ್ಲಿ ತೊಟ್ಟಿಲಿತ್ತು. ಮೊಮ್ಮಗಳನ್ನು ಮಲಗಿಸಿದಳು. ಮಗುವಿಗೆ ಶಿವಾನಿ ಎಂದು ಹೆಸರಾಯಿತು.

“ಅತ್ತಿ,” ಎಂದಳು ದೀಪಾಲಿ ಸೆರಗಿನಿಂದ ಕಣ್ಣೊರೆಸುತ್ತ, “ಇನ್ನ ಸಂಜಿಮುಂದ ಕೂಸಿನ ನೀವs ತಿರುಗಾಡಸ್ರಿ.”

ಈಗ ಕಾಶವ್ವ ಮಗನ ಮನೆಯಲ್ಲೇ ಇದ್ದಾಳೆ, ವಾರಕ್ಕೊಮ್ಮೆ ವಾಡೆಗೆ ಬರುತ್ತಾಳೆ. ಟೊಕ್ ಟೊಕ್ ಕೇಳಿದೊಡನೆ ಇಂದೂ ಸ್ಕೂಟರ್ ತಾನೇ ಪಕ್ಕಕ್ಕೆ ಸರಿಸುತ್ತಾಳೆ. ಲಿಂಬೆಹಣ್ಣು ಬಿಚ್ಚಿದ್ದಾಳೆ.